ಬಣವಿಯ ನೆತ್ತಿ

ವೀರಪ್ಪ ಬೈಕಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಇಂಜಿನ್ ಬಂದ್ ಮಾಡದೆ, ಓಣಿಗೆಲ್ಲ ಕೇಳುವಂತೆ ಕೂಗಿದ.

"ಸತ್ತೆಪ್ಪಾ! ನಮ್ಮ ಬಣವ್ಯಾಗ ಹೊಗಿ ಏಳಾಕತ್ತೈತಿ, ಬಂದ ನೋಡ ಬಾ. ಕಣಿಕಿ ಕೊಳತ ಹೋಗೇತಿ."

ಸತ್ತೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕುಳಿತಿದ್ದ. "ಮಳಿ ಆಗೇತಲ್ಲೊ ತಮ್ಮಾ. ಮ್ಯಾಲಿನ ನಾಕ ಸಿವುಡ ತೊಯ್ದಿರತಾವು."

"ಮ್ಯಾಲಲ್ಲ, ಒಳಗ! ಹೆಣ್ಮಕ್ಕಳ ಕಾಲ ಬಣವಿಗಿ ಹತ್ತಿದ್ರ ಮತ್ತೇನಾಗತೈತಿ? ನಮ್ಮಣ್ಣಗ ನಾ ಮೊದಲ ಹೇಳಿದ್ದೆ. ಇನ್ನ ಮ್ಯಾಲ ಗಂಡಾ ಹೆಣ್ತಿ ಇಬ್ರೂ ನಮ್ಮ ಹೊಲದಾಗ ಕಾಲ ಇಡಬ್ಯಾಡ್ರಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಶೆಟ್ಟೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಷ್ಟರಲ್ಲಿ ಬೈಕು ಓಣಿಯ ತಿರುವು ದಾಟಿತ್ತು. ಎದುರು ಮನೆಯ ಬಾಗಿಲಲ್ಲಿ ಇಬ್ಬರು ನಿಂತು ನೋಡುತ್ತಿದ್ದರು. ಅವಳು ತಿರುಗಿ ನೋಡಿದ ಕೂಡಲೇ ಒಳಗೆ ಸರಿದರು.

"ನೀವ್ಯಾಕ ಸುಮ್ಕ ಕುಂತ್ರಿ?" ಎಂದು ಗಂಡನನ್ನು ಕೇಳಿದಳು.

"ಗಾಡಿ ಮ್ಯಾಲ ಇದ್ದಾಂವಗ ಏನ ಹೇಳೂದು?"

"ಇಳಿ ಅನ್ನೂದು."

ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅದನ್ನು ನಾಯಿಗೆ ಎಸೆದು, ಒಲೆಯಲ್ಲಿ ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಹಾಕಿದಳು. ಆ ದಿನ ಆ ಮನೆಯಲ್ಲಿ ಮತ್ತೆ ಒಲೆ ಹೊತ್ತಲಿಲ್ಲ.

ಯಮಕನಮರಡಿಯ ಸಂತೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಇಲ್ಲಿ ಬಣವಿ ಒಟ್ಟುವುದೆಂದರೆ ಸತ್ತೆಪ್ಪ ಎಂದು ಮೂವತ್ತು ವರ್ಷದಿಂದ ಮಾತಿತ್ತು. ಜೋಳದ ಕಣಿಕಿಯನ್ನು, ಅಂದರೆ ತೆನೆ ಕೊಯ್ದ ಒಣ ದಂಟನ್ನು, ಸುಮ್ಮನೆ ಒಂದರ ಮೇಲೊಂದು ಹೇರಿದರೆ ಅದು ಗುಡ್ಡೆಯಾದೀತು, ಬಣವಿಯಾಗದು. ಪ್ರತಿ ಸಿವುಡಿನ, ಅಂದರೆ ದಂಟಿನ ಕಂತೆಯ, ಬುಡ ಹೊರಗೆ, ತುದಿ ಒಳಗೆ ಬರಬೇಕು. ನಡುಭಾಗ ಯಾವಾಗಲೂ ಅಂಚಿಗಿಂತ ಎತ್ತರ ಇರಬೇಕು. ಆಗ ಬಿದ್ದ ಹನಿ ದಂಟಿನ ಗುಂಟ ಹೊರಗೆ ಜಾರುತ್ತದೆ. ನಡು ನಾಲ್ಕು ಬೆರಳು ತಗ್ಗಾದರೂ ನೀರು ಒಳಗೇ ಹರಿಯುತ್ತದೆ. ಕಟ್ಟುವವನು ಮೇಲೆ ನಿಂತಾಗ ಇದು ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ಎಲ್ಲಿ ಸಡಿಲು, ಎಲ್ಲಿ ಬಿಗಿ, ಎಲ್ಲಿ ಇನ್ನೊಂದು ಸಿವುಡು ಬೇಕು ಎನ್ನುವುದನ್ನು ಬರಿಗಾಲು ಹೇಳುತ್ತದೆ.

ಆ ಕಾಲುಗಳೇ ಸತ್ತೆಪ್ಪನಿಗೆ ಕೈಕೊಟ್ಟವು. ಸಕ್ಕರೆ ಕಾಯಿಲೆ ಬಂದು ಮೊದಲು ಬೆರಳು, ಆಮೇಲೆ ಅಂಗಾಲು ಜೋಮು ಹಿಡಿದವು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಹೊಲದಿಂದ ಬಂದವನ ಕಾಲು ತೊಳೆಯಲು ಶೆಟ್ಟೆವ್ವ ನೀರು ಹಾಕಿದಾಗ ಬಚ್ಚಲು ಕೆಂಪಾಯಿತು. ಕೊಯ್ದ ಜೋಳದ ಕೂಳೆ ಅಂಗಾಲಿನಲ್ಲಿ ಬೆರಳುದ್ದ ನೆಟ್ಟಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

"ನೂಸಾಕತ್ತಿಲ್ಲ?" ಎಂದು ಅವಳು ಕೇಳಿದ್ದಳು.

"ನೂಸಿದ್ರ ಛಲೋ ಆಗತಿತ್ತು," ಎಂದು ಅವನು ಅಂದಿದ್ದ.

ಮರುದಿನ ಶೆಟ್ಟೆವ್ವ ಸೀರೆಯ ಕಚ್ಚೆ ಕಟ್ಟಿ ಬಣವಿ ಹತ್ತಿದಳು. ಮೂಡಲಗಿ ಕಡೆಯಿಂದ ಸೊಸೆಯಾಗಿ ಬಂದ ವರ್ಷದಿಂದಲೂ ಗಂಡನಿಗೆ ಕೆಳಗಿನಿಂದ ಸಿವುಡು ಎತ್ತಿ ಕೊಟ್ಟವಳು ಅವಳೇ. ಯಾವ ಸಿವುಡು ಯಾವ ಜಾಗಕ್ಕೆ ಎಂದು ಕೇಳಿ ಕೇಳಿ, ನೋಡಿ ನೋಡಿ, ಅವನು ಬಾಯಿ ತೆರೆಯುವ ಮೊದಲೇ ಬೇಕಾದ್ದನ್ನು ಆರಿಸಿ ಕೊಡುತ್ತಿದ್ದಳು. ಮೇಲೆ ಹತ್ತಿದ ಮೊದಲ ದಿನವೇ ಅವಳ ಕಾಲಿಗೆ ಕೆಲಸ ತಿಳಿಯಿತು. ದೇವರು ಕೆಲವರ ಕೈಗೆ ಗುಣ ಕೊಡುತ್ತಾನೆ, ಕೆಲವರ ನಾಲಿಗೆಗೆ ಕೊಡುತ್ತಾನೆ. ಇವಳಿಗೆ ಅಂಗಾಲಿಗೆ ಕೊಟ್ಟಿದ್ದ. ಕೊಡುವಾಗ ಇವಳು ಹೆಂಗಸು ಎನ್ನುವುದು ಅವನಿಗೆ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ಊರಿಗೆ.

ಊರಿನವರು ಹಾಗಂತ ಬೇಡ ಎನ್ನಲಿಲ್ಲ. ಬೇಡ ಎಂದರೆ ಬಣವಿ ಕಟ್ಟುವವರು ಬೇರೆ ಯಾರಿದ್ದರು? ಅವರು ಒಂದು ದಾರಿ ಮಾಡಿಕೊಂಡರು. ಕೆಳಗೆ ಒಂದು ಕುರ್ಚಿ ಹಾಕಿ ಸತ್ತೆಪ್ಪನನ್ನು ಕೂರಿಸುವುದು. ಮಾತುಕತೆ ಅವನ ಜೊತೆ, ಚಹಾ ಮೊದಲು ಅವನಿಗೆ. ಕೇಳಿದವರಿಗೆ 'ಸತ್ತೆಪ್ಪ ಒಟ್ಟ್ಯಾನ' ಎನ್ನುವುದು. ಅವಳು ಮೇಲೆ ಇರುವುದನ್ನು ಎಲ್ಲರೂ ನೋಡುವುದು, ಯಾರೂ ಹೇಳದೆ ಇರುವುದು.

ಇನ್ನೊಂದು ಕಟ್ಟಳೆಯೂ ಇತ್ತು. ಬಣವಿಯ ನೆತ್ತಿ ಎಂದರೆ ಲಕ್ಷ್ಮಿಯ ನೆತ್ತಿ. ಅದನ್ನು ಹೆಣ್ಣು ತುಳಿಯಬಾರದು, ಮುಚ್ಚುವಾಗ ಹೆಣ್ಣು ಹೊಲದಲ್ಲೂ ಇರಬಾರದು. ಆದ್ದರಿಂದ ಕೊನೆಯ ಎರಡು ಸಾಲು ಉಳಿದಾಗ ಶೆಟ್ಟೆವ್ವ ಇಳಿಯಬೇಕು. ಕೂಲಿಯ ಜೊತೆ ಅವಳ ಎಮ್ಮೆಗೆಂದು ಕೊಡುವ ಎರಡು ಸಿವುಡು ತಲೆಯ ಮೇಲೆ ಹೊತ್ತು ಮನೆಗೆ ಹೋಗಬೇಕು. ಆಮೇಲೆ ಆ ಮನೆಯ ಗಂಡಸು ಹತ್ತಿ ನೆತ್ತಿ ಮುಚ್ಚಿ, ಅದರ ಮೇಲೆ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ಹಾಸಿ ಹಗ್ಗ ಕಟ್ಟುತ್ತಿದ್ದ.

"ಲಕ್ಷ್ಮಿ ಏನ ಗಂಡಸ ಅದಾಳೇನ?" ಎಂದು ಶೆಟ್ಟೆವ್ವ ಒಮ್ಮೆ ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಅವಳು ತಮಾಷೆಗೆ ಕೇಳಿರಲಿಲ್ಲ.

ಮೂರು ಚಳಿಗಾಲ ಒಣಹವೆಯಲ್ಲೇ ಕಳೆದವು. ನೆತ್ತಿ ಯಾರು ಹೇಗೆ ಮುಚ್ಚಿದರು ಎಂದು ಪರೀಕ್ಷೆ ಮಾಡುವ ಮಳೆಯೇ ಬರಲಿಲ್ಲ.

ಈ ಚಳಿಗಾಲಕ್ಕೆ ಮಾತ್ರ ಹಿಡಿತವೇ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಎಂಟು ದಿನ ಎರಡು ಕೌದಿ ಹೊದ್ದರೂ ಸಾಲದಂಥ ಚಳಿ. ಆಮೇಲೆ ಹತ್ತು ದಿನ ಮಧ್ಯಾಹ್ನ ಫ್ಯಾನ್ ಹಾಕಬೇಕಾದ ಸೆಕೆ. ಮಾರ್ಗಶಿರದಲ್ಲಿ ಮೋಡ ಬಂದು ಬೀಡುಬಿಟ್ಟಿತು. ಸೂರ್ಯ ಕಾಣದೆ ಬಿಳಿಜೋಳದ ಸುಳಿಗೆ ಹೇನು ಹತ್ತಿತು, ಕಡಲೆಯ ಹೂ ಉದುರಿತು, ಮನೆಮನೆಯಲ್ಲಿ ಮಕ್ಕಳು ಕೆಮ್ಮಿದರು. ಸ್ವೆಟರ್ ಹಾಕಿ ಹೊಲಕ್ಕೆ ಹೋದವರು ಕೊಡೆ ಹಿಡಿದು ಬಂದರು. ಒಂದು ದಿನ ಊಟದ ಹೊತ್ತಿಗೆ ಶುರುವಾದ ಮಳೆ ಮರುದಿನ ಸಂಜೆಯವರೆಗೆ ಬಿಡಲಿಲ್ಲ. ಹೊಡೆದು ಹೋಗುವ ಮಳೆಯಲ್ಲ, ಜಿಟಿಜಿಟಿ ಎಂದು ಸಂದುಗೊಂದಿಗೆಲ್ಲ ಇಳಿಯುವ ಮಳೆ. ನಿಂತ ಮೇಲೆ ಮತ್ತೆ ಚಳಿ ಬಿತ್ತು. ಆ ಚಳಿಯ ಬೆಳಗಿನಲ್ಲೇ ವೀರಪ್ಪ ತಮ್ಮ ಬಣವಿಯ ಮೇಲೆ ಉಗಿ ಏಳುವುದನ್ನು ಕಂಡದ್ದು.

ವೀರಪ್ಪನ ಅಣ್ಣ ರಾಚಪ್ಪ. ಹೊಲ, ಆರು ದನ, ಮನೆಯ ಯಜಮಾನಿಕೆ ಎಲ್ಲ ರಾಚಪ್ಪನದು. ಬಾಯಿ ಮಾತ್ರ ವೀರಪ್ಪನದು. ಮಧ್ಯಾಹ್ನದ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು. ಶೆಟ್ಟೆವ್ವ ಆ ವರ್ಷ ಮುಂಗಾರಿ ಜೋಳ ಕೊಯ್ದ ಮೇಲೆ ಒಂಬತ್ತು ಮನೆಯ ಬಣವಿ ಒಟ್ಟಿದ್ದಳು. ಉಳಿದ ಎಂಟು ಮನೆಯವರು ತಮ್ಮ ತಮ್ಮ ಬಣವಿಗೆ ಕೈ ಹಾಕಿ ನೋಡಲು ಹೊಲಕ್ಕೆ ಓಡಿದರು. ಹಿಂಗಾರಿ ಜೋಳ ಕಿತ್ತ ಮೇಲೆ ಇನ್ನು ಅವಳನ್ನು ಯಾರೂ ಕರೆಯುವುದಿಲ್ಲ ಎಂದು ಗಿರಣಿಯಲ್ಲೇ ತೀರ್ಮಾನವಾಯಿತು. ಕರೆಯದಿದ್ದರೆ ಎಮ್ಮೆಗೆ ಮೇವಿಲ್ಲ, ಗಂಡನ ಗುಳಿಗೆಗೆ ದಾರಿಯಿಲ್ಲ. ಆದರೆ ಶೆಟ್ಟೆವ್ವನಿಗೆ ಸಹಿಸಲಾಗದೆ ಹೋದದ್ದು ಅದಲ್ಲ. ತನ್ನ ಕಾಲು ತಾಗಿದ್ದಕ್ಕೆ ಕಣಿಕಿ ಕೊಳೆಯಿತು ಎಂದರಲ್ಲ, ಅದು.

ಅವಳು ನೆಟ್ಟಗೆ ರಾಚಪ್ಪನ ಹೊಲಕ್ಕೆ ಹೋದಳು. ಹಿಂದೆ ಸತ್ತೆಪ್ಪ ಕೋಲೂರಿಕೊಂಡು ಬಂದ. ಬೆಳಗ್ಗೆಯಷ್ಟೇ ಬರಬೇಡ ಎಂದಿದ್ದ ಹೊಲ ಅದು. ರಾಚಪ್ಪ, ವೀರಪ್ಪ ಇಬ್ಬರೂ ಅಲ್ಲೇ ಇದ್ದರು. ಅವಳು ಯಾರನ್ನೂ ಮಾತಾಡಿಸದೆ ಬಣವಿಯ ಮಗ್ಗುಲಿಗೆ ಹೋಗಿ ಸೊಂಟದೆತ್ತರಕ್ಕೆ ತೋಳು ತೂರಿಸಿದಳು. ಒಣ, ತಂಪು. ನಾಲ್ಕು ಹೆಜ್ಜೆ ಸರಿದು ಎದೆಯೆತ್ತರಕ್ಕೆ ತೂರಿಸಿದಳು. ಒಣ. ಪಕ್ಕದಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ಮೇಲಿನಿಂದ ನಡುಭಾಗಕ್ಕೆ ತೂರಿಸಿದಾಗ ಕೈ ಸುಟ್ಟಿತು.

"ಮಗ್ಗಲಾ ಒಣಾ ಅದಾವು. ನೀರ ನೆತ್ತಿಯಿಂದ ಇಳದೈತಿ," ಎಂದಳು. "ರಾಚಪ್ಪಣ್ಣಾ, ಬಣವಿ ಬಿಚ್ಚೂನ್ರಿ. ಎಲ್ಲಿಂದ ಇಳದೈತಿ ನೋಡೂನು."

ರಾಚಪ್ಪ ಆಕಾಶ ನೋಡಿದ. ಪಡುವಣದಲ್ಲಿ ಮತ್ತೆ ಮಬ್ಬು ಕಟ್ಟಿತ್ತು. "ಬಿಚ್ಚಿದಾಗ ಮಳಿ ಬಂದ್ರ? ಆರ ದನಕ್ಕ ಮುಂಗಾರಿ ತನಕ ಇದ ಮೇವ ಐತಿ ಶೆಟ್ಟೆವ್ವಾ."

"ಬಿಚ್ಚದಿದ್ರ ಎಂಟ ದಿನದಾಗ ಎಲ್ಲಾ ಕರ್ರಗ ಆಗತೈತಿ."

"ನೀರ ಎಲ್ಲಿಂದ ಇಳದೈತಿ ಅಂತ ನೋಡೂದೇನೈತಿ?" ಎಂದ ವೀರಪ್ಪ. "ಯಾರ ಕಾಲ ಹತ್ತಿತ್ತೊ ಅಲ್ಲಿಂದ ಇಳದೈತಿ."

"ಒಂಬತ್ತ ಬಣವಿಗಿ ನನ್ನ ಕಾಲ ಹತ್ಯಾವು. ಉಳದ ಎಂಟ ಯಾಕ ಕೊಳತಿಲ್ಲ?"

"ಅವೂ ಕೊಳೀತಾವು, ತಡಿ."

"ನಿನ್ನ ಬಾಯಿ ಕೊಳತೈತಿ ನೋಡ, ಮೊದಲ ಅದನ್ನ ಬಿಸಲಿಗಿ ಹಾಕ."

ಸತ್ತೆಪ್ಪ, "ಏ, ಸಾಕ ಬಿಡ," ಎಂದ. ರಾಚಪ್ಪ ಬಿಚ್ಚುವುದಕ್ಕೆ ಒಪ್ಪಲಿಲ್ಲ. ವೀರಪ್ಪ ಹುಕ್ಕೇರಿಗೆ ಹೋಗಿ ನೀಲಿ ತಾಡಪತ್ರಿ ತಂದು ಬಣವಿಯ ಮೇಲೆ ಬಿಗಿದು ಕಟ್ಟಿದ. ಅವಳು ದಾರಿಯಲ್ಲಿ ನಿಂತು ಹೇಳಿಯೇ ಹೋದಳು: "ಕುದಿಯೂ ಗಡಗಿ ಮ್ಯಾಲ ಮುಚ್ಚಳಾ ಹಾಕಾಕತ್ತೀರಿ. ಉಗಿ ಹೋಗಾಕ ಜಾಗಾ ಇಲ್ಲ. ಬೆಂಕಿ ಹತ್ತಿದ್ರ ನನ್ನ ಕಾಲಿನ ಹೆಸರ ಹೇಳಬ್ಯಾಡ್ರಿ ಮತ್ತ."

ಎರಡು ದಿನ ಮೋಡ, ಬಿಸಿಲು, ಮೋಡ. ಮಳೆ ಬರುತ್ತದೆ ಎನ್ನುವಷ್ಟರಲ್ಲಿ ಬಿಸಿಲು ಬರುತ್ತಿತ್ತು, ಬಟ್ಟೆ ಒಣಹಾಕಿದರೆ ಹನಿ ಬೀಳುತ್ತಿತ್ತು. ಆ ಎರಡು ದಿನ ಶೆಟ್ಟೆವ್ವ ಯಾರ ಮನೆಗೂ ಹೋಗಲಿಲ್ಲ. ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಒಬ್ಬಳು ಮುದುಕಿ, "ಹೋಗ್ಲಿ ಬಿಡ ಯವ್ವಾ, ಗಂಡಸರ ಕೆಲಸಾ ನಿನಗ್ಯಾಕ ಬೇಕಾಗಿತ್ತು," ಎಂದಳು. ಅದು ಸಮಾಧಾನದ ಮಾತು. ಶೆಟ್ಟೆವ್ವನಿಗೆ ವೀರಪ್ಪನ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು.

ಮೂರನೆಯ ದಿನ ಬೆಳಗ್ಗೆ ರಾಚಪ್ಪನ ಹೆಂಡತಿ ದಾಕ್ಷಾಯಿಣಿ ಬಂದಳು. ತಲೆಯ ಮೇಲೆ ಸೆರಗು, ಕಾಲಲ್ಲಿ ಹೊಲದ ಕೆಸರು. ಒಳಗೆ ಬಾ ಎನ್ನುವುದಕ್ಕೂ ಕಾಯಲಿಲ್ಲ.

"ಅವ್ರ ಕಳಿಸಿಲ್ಲ. ನಾನ ಬಂದೇನಿ. ತಾಡಪತ್ರಿ ಎತ್ತಿ ನೋಡಿದೆ ಶೆಟ್ಟೆವ್ವಾ, ಮುಖಾ ಸುಡತೈತಿ. ಸುಟ್ಟ ವಾಸನಿ ಬರಾಕತ್ತೈತಿ. ದನಾ ಆ ಕಣಿಕಿ ಮೂಸಿ ಮೂತಿ ತಿರವತಾವು. ಏನರೆ ಮಾಡ ನಮ್ಮವ್ವಾ."

"ಹೆಣ್ಣ ಕಾಲ ಆಗೂದಿಲ್ಲಲ್ಲ ಅಕ್ಕಾರ ನಿಮಗ?"

ದಾಕ್ಷಾಯಿಣಿ ತಲೆ ತಗ್ಗಿಸಿದಳು. "ನಾನೂ ಹೆಣ್ಣ ಅದೇನಿ. ದಿನಾ ಆ ಬಣವಿಯಿಂದ ಮೇವ ಹಿರಿಯಾಕಿ ನಾನ. ನನ್ನ ಕೈಗಿ ಇಲ್ಲದ ಮೈಲಿಗಿ ನಿನ್ನ ಕಾಲಿಗಿ ಎಲ್ಲಿಂದ ಬರತೈತಿ? ಆದ್ರ ನಮ್ಮ ಮನ್ಯಾಗ ನನ್ನ ಮಾತ ಯಾರ ಕೇಳತಾರ?"

ಶೆಟ್ಟೆವ್ವ ತನ್ನ ಷರತ್ತು ಒಂದೊಂದೇ ಹೇಳಿದಳು. "ಬಿಚ್ಚೂದ ಹಗಲ ಹೊತ್ತಿನ್ಯಾಗ, ಮಂದಿ ಮುಂದ. ವೀರಪ್ಪ ಅಲ್ಲೇ ಇರಬೇಕ. ಬಿಚ್ಚಾಕಿ ನಾನ, ಮತ್ತ ಒಟ್ಟಾಕೀನೂ ನಾನ."

"ನೆತ್ತಿ?"

"ನೆತ್ತಿ ಸಹಿತ."

ದಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ದೂರದಲ್ಲಿ ಗುಡುಗಿತು. ಡಿಸೆಂಬರಿನಲ್ಲಿ ಗುಡುಗು. "ನಡಿ," ಎಂದಳು. "ಅವ್ರಿಗಿ ನಾ ಹೇಳತೇನಿ. ಏನಂತಾರೊ ಅನ್ಲಿ."

ಹತ್ತು ಗಂಟೆಗೆ ಶೆಟ್ಟೆವ್ವ ಬಣವಿಯ ಮೇಲಿದ್ದಳು. ರಾಚಪ್ಪ ಒಪ್ಪಿದ್ದು ಹೆಂಡತಿಯ ಮಾತಿಗೋ ಸುಟ್ಟ ವಾಸನೆಗೋ ಹೇಳಲಾಗದು. ಹೊಲ ರಸ್ತೆಯ ಪಕ್ಕದಲ್ಲೇ ಇತ್ತು. ಸಂತೆಗೆ ಹೊರಟವರು, ಕಬ್ಬಿನ ಗಾಡಿಯವರು, ಸಾಲಿ ಮಾಸ್ತರರು ಒಬ್ಬೊಬ್ಬರಾಗಿ ನಿಂತರು. ಸತ್ತೆಪ್ಪನಿಗೆ ಯಾರೋ ಎಂದಿನಂತೆ ಕುರ್ಚಿ ತಂದು ಹಾಕಿದರು. ವೀರಪ್ಪ ಎದೆಯ ಮೇಲೆ ಕೈ ಕಟ್ಟಿಕೊಂಡು ಬೇವಿನ ಮರಕ್ಕೆ ಒರಗಿದ್ದ.

ತಾಡಪತ್ರಿ ಸರಿಸಿದೊಡನೆ ಉಗಿ ಭುಸ್ಸೆಂದು ಎದ್ದಿತು. ಹುಳಿವಾಸನೆಗೆ ರಸ್ತೆಯ ಮೇಲಿನವರೂ ಮೂಗು ಮುಚ್ಚಿದರು. ಶೆಟ್ಟೆವ್ವ ರವದಿಯನ್ನು ಬಾಚಿ ಕೆಳಗೆ ಹಾಕಿದಳು. ಒಂದು ಕಡೆಯ ರವದಿ ಒಣಗಿತ್ತು, ಇನ್ನೊಂದು ಕಡೆಯದೂ ಒಣಗಿತ್ತು. ನಟ್ಟನಡುವೆ ಮಾತ್ರ ಸೆಗಣಿಯ ಹಾಗೆ ಕೊಳೆತು ತಗ್ಗಾಗಿತ್ತು. ಆ ತಗ್ಗಿನಲ್ಲಿ ಕೈಯಾಡಿಸಿದವಳಿಗೆ ಏನೋ ಗಟ್ಟಿ ಸಿಕ್ಕಿತು. ಎರಡೂ ಕೈಯಿಂದ ಎತ್ತಿದಳು. ಚಪ್ಪಟೆ ಕಲ್ಲು. ಮೇಲೆ ಕುಂಕುಮ ಹಚ್ಚಿದ ಗುರುತು ಇನ್ನೂ ಇತ್ತು, ಅದಕ್ಕೆ ತೆಂಗಿನಕಾಯಿಯ ನಾರು ಅಂಟಿತ್ತು.

"ಇದೇನಿದು?"

ವೀರಪ್ಪ ಮರಕ್ಕೆ ಒರಗಿದ್ದ ಬೆನ್ನು ತೆಗೆದ.

"ಏನ ಅಂತ ಕೇಳಾಕತ್ತೇನಿ! ಬಣವಿ ನೆತ್ತಿ ಮ್ಯಾಲ ಐದ ಕಿಲೊ ಕಲ್ಲ ಯಾರ ಇಟ್ರು?"

"ದೇವರ ಕಲ್ಲ ಅದು," ಎಂದ ವೀರಪ್ಪ. "ಕಾಯಿ ಒಡದದ್ದು. ತಗೀಬಾರದು."

ಅವಳು ಕಲ್ಲು ಇದ್ದ ಜಾಗದಿಂದ ಸಿವುಡುಗಳನ್ನು ಕೀಳತೊಡಗಿದಳು. ಕಲ್ಲಿನ ಭಾರಕ್ಕೆ ನಡು ಕುಸಿದು ಬಟ್ಟಲಿನಂತಾಗಿತ್ತು. ಮಳೆಯ ನೀರೆಲ್ಲ ಆ ಬಟ್ಟಲಿಗೆ ಹರಿದು ಕೆಳಗೆ ಇಳಿದಿತ್ತು. ಮೊರದಗಲ ಕಪ್ಪು ಬಾವಿ ಹತ್ತು ಸಾಲು ಆಳದವರೆಗೆ. ಅದರ ಸುತ್ತ ಒಂದು ಮೊಳ ದಾಟಿದರೆ ಕಣಿಕಿ ಬಂಗಾರದ ಬಣ್ಣದಲ್ಲಿತ್ತು. ಅವಳು ಕೊಳೆತದ್ದನ್ನು ಒಂದು ಕಡೆ ಎಸೆದಳು, ಒಣದ್ದನ್ನು ಇನ್ನೊಂದು ಕಡೆ. ಒಣ ಸಿವುಡೊಂದನ್ನು ರಸ್ತೆಯ ಅಂಚಿಗೇ ಬೀಳುವಂತೆ ಬೀಸಿ ಒಗೆದಳು.

"ಹಿಡದ ನೋಡ್ರಿ! ಇದ ನಾ ಹಾಕಿದ್ದು. ಇದರ ಮ್ಯಾಲ ನನ್ನ ಕಾಲ ನಿಂತಿತ್ತು. ಇದ ಕೊಳತಿಲ್ಲ. ಕಲ್ಲಿನ ಬುಡಕ ಕೊಳತೈತಿ!"

ನಿಂತವರಲ್ಲಿ ಒಬ್ಬ ಸಿವುಡನ್ನು ಮೂಸಿ ನೋಡಿ, "ಖರೆ ಐತಿ, ಒಣಾ ಐತಿ," ಎಂದ.

"ನಮ್ಮಪ್ಪನ ಕಾಲದಿಂದ ಕಾಯಿ ಒಡೀತೇವಿ," ಎಂದ ವೀರಪ್ಪ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

ಆಗ ಸತ್ತೆಪ್ಪ ಕುರ್ಚಿಯಿಂದ ಎದ್ದ. "ನಿಮ್ಮಪ್ಪ ಕೆಳಗ ಒಡೀತಿದ್ದ ವೀರಪ್ಪಾ. ಬಣವಿ ಬುಡಕ, ನೆಲದ ಮ್ಯಾಲ. ಮ್ಯಾಲ ಕಲ್ಲ ಒಯ್ಯೂದ ನೀ ಸುರು ಮಾಡಿದ್ದು. ಈಕಿ ಬಣವಿ ಹತ್ತಿದ ವರ್ಷದಿಂದ. ಹೆಣ್ಣ ಕಾಲಿನ ಮೈಲಿಗಿ ಕಳೀಬೇಕು ಅಂತ ನೀನ ಅಂದಿದ್ದಿ. ನಾ ಕೆಳಗ ಕುಂತ ಕೇಳೇನಿ."

ರಸ್ತೆಯ ಮೇಲೆ ಗುಸುಗುಸು ಎದ್ದಿತು. ರಾಚಪ್ಪ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. ಕಟ್ಟಿದವಳ ಹೆಜ್ಜೆ ತೊಳೆಯಲು ಹೋಗಿ ತಮ್ಮದೇ ದನಗಳ ಮೇವಿಗೆ ನೀರು ಬಿಟ್ಟುಕೊಂಡಿದ್ದರು. ಆ ಕಲ್ಲನ್ನು ದೇವರು ಕೇಳಿರಲಿಲ್ಲ.

ಗೆದ್ದೆ ಎಂದು ಶೆಟ್ಟೆವ್ವ ಹಿಗ್ಗಬೇಕಾಗಿತ್ತು. ಅವಳು ಮೇಲೆ ಕಲ್ಲು ಹಿಡಿದುಕೊಂಡೇ ನಿಂತಿದ್ದಳು. ವೀರಪ್ಪನನ್ನೂ ನೋಡಲಿಲ್ಲ, ರಾಚಪ್ಪನನ್ನೂ ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

"ನಿಮಗ ಗೊತ್ತಿತ್ತ?"

ಸತ್ತೆಪ್ಪ ಕೋಲಿನ ಮೇಲೆ ಎರಡೂ ಕೈ ಇಟ್ಟ.

"ನಾಕ ವರ್ಷ. ನಾ ಸಿವುಡ ಹೊತ್ತ ಆ ದಾರಿ ಹಿಡದ ಹ್ವಾದ ಮ್ಯಾಲ ಇವ್ರ ನನ್ನ ಹೆಜ್ಜಿ ತೊಳೀತಿದ್ರು. ನೀವ ಕುರ್ಚಿ ಮ್ಯಾಲ ಕುಂತ ನೋಡಾಕತ್ತಿದ್ರಿ. ಚಾ ಕುಡಕೋತ."

"ನಿನಗ ಕೆಟ್ಟ ಅನಸತೈತಿ ಅಂತ ಹೇಳಲಿಲ್ಲ."

"ನನಗ ಕೆಟ್ಟ ಅನಸತೈತಿ ಅಂತಲ್ಲ. ನಿಮ್ಮ ಕುರ್ಚಿ ಹೋಗತೈತಿ ಅಂತ."

ಅವಳು ಕಲ್ಲನ್ನು ಕೆಳಗೆ ಬಿಟ್ಟಳು. ಅದು ಕೆಸರಿನಲ್ಲಿ ಧೊಪ್ಪೆಂದು ಬಿದ್ದು ಅರ್ಧ ಹೂತಿತು. ಹೆಕ್ಕಲು ಯಾರೂ ಹೋಗಲಿಲ್ಲ.

ಅಷ್ಟರಲ್ಲಿ ಪಡುವಣದ ಮೋಡ ನೆತ್ತಿಗೆ ಬಂದಿತ್ತು. ಗಾಳಿಗೆ ಬೇವಿನ ಎಲೆ ಹಾರಿದವು. ಬಣವಿ ಬಾಯಿ ತೆರೆದು ನಿಂತಿತ್ತು. ರಾಚಪ್ಪ ಗಾಬರಿಯಾದ. "ಶೆಟ್ಟೆವ್ವಾ, ಮಾತ ಆಮ್ಯಾಲ. ಮಳಿ ಬರತೈತಿ, ಲಗೂನ ಮುಚ್ಚ."

"ಕೆಳಗಿಂದ ಕೊಡಾವ್ರ ಯಾರು?"

ಸಿವುಡು ಎತ್ತಿ ಕೊಡುವುದು ಹೆಣ್ಣಾಳಿನ ಕೆಲಸ. ದಾಕ್ಷಾಯಿಣಿ ಸೆರಗು ಸಿಕ್ಕಿಸಿ ಮುಂದೆ ಬಂದಳು. ಶೆಟ್ಟೆವ್ವ ಕೈ ಅಡ್ಡ ಮಾಡಿದಳು. "ನೀವ ಬ್ಯಾಡ ಅಕ್ಕಾರ. ರಾಚಪ್ಪಣ್ಣ ಕೊಡಲಿ. ಬಣವಿ ಅವರದು."

ರಾಚಪ್ಪ ಒಮ್ಮೆ ರಸ್ತೆಯತ್ತ ನೋಡಿದ. ಒಂದು ಹನಿ ಅವನ ಟೋಪಿಯ ಮೇಲೆ ಬಿತ್ತು. ಟ್ರೇಲರ್ ಹತ್ತಿದ.

ಮುಂದಿನ ಒಂದೂವರೆ ತಾಸು ಮಾತಿರಲಿಲ್ಲ. "ಉದ್ದಂದು." "ಸಣ್ಣದು." "ಅದಲ್ಲ, ಬಾಜೂಕಿಂದು." ಅಷ್ಟೇ. ರಾಚಪ್ಪ ತಪ್ಪು ಸಿವುಡು ಕೊಟ್ಟರೆ ಅವಳು ಅದನ್ನು ಅವನ ಕಾಲಬುಡಕ್ಕೇ ಬಿಡುತ್ತಿದ್ದಳು. ಕೊಳೆತ ಬಾವಿಯನ್ನು ಒಣ ಕಣಿಕಿಯಿಂದ ತುಂಬಿ, ತುಳಿದು, ಮತ್ತೆ ತುಂಬಿದಳು. ಅಂಗಾಲಿನಿಂದ ಒತ್ತಿ ನೋಡಿದಳು. ನಡು ಏರಿತು. ಎರಡು ಕಡೆಯ ಸಾಲು ಒಂದಕ್ಕೊಂದು ತಾಗುವಲ್ಲಿ ಮನೆಯ ಸೂರಿನಂತೆ ಚೂಪು ಮಾಡಿದಳು. ಹೊಸ ರವದಿ ಹಾಸಿ, ಹಗ್ಗ ಅಡ್ಡಹಾಕಿ, ತುದಿಗೆ ಕಲ್ಲು ಕಟ್ಟಿ ಎರಡೂ ಮಗ್ಗುಲಿಗೆ ಇಳಿಬಿಟ್ಟಳು. ಹನಿ ದಪ್ಪಗಾಗುವ ಹೊತ್ತಿಗೆ ಬಣವಿಯ ನೆತ್ತಿಯ ಮೇಲೆ, ಇಡೀ ರಸ್ತೆಗೆ ಕಾಣುವಂತೆ, ನೆಟ್ಟಗೆ ನಿಂತಳು. ಪೂಜೆಗೆ ನಿಂತ ಹಾಗೆ ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಇಳಿದಳು.

ರಾಚಪ್ಪ ಟವೆಲ್ಲಿನಿಂದ ಕೊರಳು ಒರೆಸಿಕೊಳ್ಳುತ್ತ ಹತ್ತಿರ ಬಂದ. ದನಿ ತಗ್ಗಿಸಿದ. "ತಪ್ಪಾತು ನಮ್ಮದು. ನಮ್ಮ ವೀರಪ್ಪನ ಬಾಯಿ ಕೆಟ್ಟದ್ದ ಐತಿ. ಒಂದ ಮಾತ ಶೆಟ್ಟೆವ್ವಾ. ಸುತ್ತ ಊರಾಗ ಯಾರರೆ ಕೇಳಿದ್ರ ನೆತ್ತಿ ಸತ್ತೆಪ್ಪ ಮುಚ್ಚ್ಯಾನ ಅಂತ ಹೇಳೂನು. ನಿನಗೂ ಛಲೋ, ನಮಗೂ ಛಲೋ."

ಇದನ್ನು ಕೇಳಿಯೂ ಅವಳು ಕೂಗಲಿಲ್ಲ. ಗಂಡನ ಕಡೆ ಮುಖ ಮಾಡಿ ಕಾದಳು.

ಸತ್ತೆಪ್ಪ ಕೋಲು ಊರಿಕೊಂಡು ರಸ್ತೆಯ ಅಂಚಿಗೆ ನಡೆದ. ಮಳೆಗೆ ತಲೆಯ ಮೇಲೆ ಚೀಲ ಹಾಕಿಕೊಂಡು ನಿಂತವರು ಇನ್ನೂ ಏಳೆಂಟು ಮಂದಿ ಇದ್ದರು. "ಎಲ್ಲಾರೂ ಕೇಳ್ರಿ," ಎಂದ. "ನನ್ನ ಕಾಲ ನಾಕ ವರ್ಷದಿಂದ ಸತ್ತಾವು. ಈ ಬಣವಿ ಅಷ್ಟ ಅಲ್ಲ, ನಾಕ ವರ್ಷದ ಎಲ್ಲಾ ಬಣವಿ ಈಕಿನ ಒಟ್ಟ್ಯಾಳ. ನಾ ಒಂದ ಸಿವುಡ ಸಹಿತ ಇಟ್ಟಿಲ್ಲ. ನನ್ನ ಹೆಸರ ಹೇಳಬ್ಯಾಡ್ರಿ."

ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಈಗ ಸಮಾಧಾನ ಆತಿಲ್ಲೊ?" ಎಂದು ತಿರುಗಿ ಬಂದು ಹೆಂಡತಿಯನ್ನು ಕೇಳಿದ.

"ಇಲ್ಲ," ಎಂದಳು ಶೆಟ್ಟೆವ್ವ. ದಾಕ್ಷಾಯಿಣಿ ತಂದ ಚಹಾದ ಕಪ್ಪನ್ನು ಮುಟ್ಟದೆ, ಮಳೆಯಲ್ಲೇ ಮುಂದೆ ನಡೆದಳು. ಅವನು ಹಿಂದೆ ಬಹಳ ಹೊತ್ತು ಬಿಟ್ಟು ಮನೆ ಸೇರಿದ.

ಆ ಮಳೆ ಒಂದು ಹಗಲು ಒಂದು ರಾತ್ರಿ ಬಂತು. ದಾಕ್ಷಾಯಿಣಿ ದಿನಾ ಬೆಳಗ್ಗೆ ಬಣವಿಗೆ ತೋಳು ತೂರಿಸಿ ನೋಡಿದಳು. ತಂಪು, ಒಣ. ದನಗಳು ಮೇವಿಗೆ ಬಾಯಿ ಹಾಕಿದವು. ಗಿರಣಿಯಲ್ಲಿ ಈಗ ಮಾತು ಬೇರೆಯಾಗಿತ್ತು. ಕಲ್ಲು ಇಟ್ಟದ್ದು ತಪ್ಪು ಎಂದು ಎಲ್ಲರೂ ಒಪ್ಪಿದರು. ಹೆಂಗಸು ನೆತ್ತಿ ತುಳಿದದ್ದು ಸರಿ ಎಂದು ಒಪ್ಪಿದವರು ಕಡಿಮೆ.

ಸತ್ತೆಪ್ಪನ ಜೊತೆ ಶೆಟ್ಟೆವ್ವ ಹದಿನೈದು ದಿನ ನೆಟ್ಟಗೆ ಮಾತಾಡಲಿಲ್ಲ. ತಾಟಿಗೆ ರೊಟ್ಟಿ ಹಾಕಿ ಸರಿಸುತ್ತಿದ್ದಳು, ಗುಳಿಗೆ ಪಕ್ಕದಲ್ಲಿ ಇಡುತ್ತಿದ್ದಳು, ಸಂಜೆ ಅವನ ಅಂಗಾಲು ತೊಳೆದು ಗಾಯ ಆಗಿದೆಯೇ ಎಂದು ದೀಪ ಹಿಡಿದು ನೋಡುತ್ತಿದ್ದಳು. ಮಾತು ಮಾತ್ರ ಇಲ್ಲ. "ಹೊಡದ ಬಿಡ ಬೇಕಾದ್ರ," ಎಂದು ಅವನು ಒಂದು ದಿನ ಅಂದ. "ಹೊಡದ್ರ ನಿಮಗ ಎಲ್ಲಿ ಗೊತ್ತಾಗತೈತಿ," ಎಂದು ಅವಳು ಕಾಲು ಒರೆಸಿದಳು.

ಹಿಂಗಾರಿ ಜೋಳ ಕಿತ್ತ ಮೇಲೆ ಒಂಬತ್ತು ಮನೆಗಳಲ್ಲಿ ಐದು ಮನೆಯವರು ಬಂದು ಕರೆದರು. ಸತ್ತೆಪ್ಪನನ್ನು ಮಾತಾಡಿಸಿದವರಿಗೆ ಅವನು, "ನನಗೇನ ಕೇಳತೀರಿ, ಅಕಿನ ಕೇಳ್ರಿ," ಎಂದು ಒಳಗೆ ಕೈ ತೋರಿಸಿದ. ಅವಳು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: ನೆತ್ತಿ ತಾನೇ ಮುಚ್ಚುವುದು, ಒಪ್ಪಿಗೆ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಐದೂ ಮಂದಿ ಒಪ್ಪಿದರು. ಅವರಲ್ಲಿ ರಾಚಪ್ಪನೂ ಒಬ್ಬ. ಅವನ ಹೊಲಕ್ಕೆ ಅವಳು ಎಲ್ಲರಿಗಿಂತ ಕೊನೆಗೆ ಹೋದಳು, ನಾಲ್ಕು ದಿನ ಕಾಯಿಸಿ.

ಉಳಿದ ನಾಲ್ಕು ಮನೆಯವರು ತಾಡಪತ್ರಿ ಕೊಂಡರು. ಫೆಬ್ರವರಿಯಲ್ಲೂ ಆಗಾಗ ಮೋಡ ಕಟ್ಟುತ್ತಿತ್ತು, ಒಂದೆರಡು ಸಲ ಹನಿಯೂ ಬಿತ್ತು. ಆ ಮೋಡ ನೋಡಿ ಒಬ್ಬರು ಅವಳನ್ನು ಕೇಳಿದರು, "ಆ ನಾಕ ಮನಿಯವ್ರ ಗತಿ ಏನ ಶೆಟ್ಟೆವ್ವಾ ಈಗ?"

"ದನಾ ಏನ ತಪ್ಪ ಮಾಡ್ಯಾವು, ಪಾಪ," ಎಂದಳು. ಮಂದಿಯ ಬಗ್ಗೆ ಏನೂ ಹೇಳಲಿಲ್ಲ.